ಎಡಚಕ್ರದ ಭಾರ

ಎಡಚಕ್ರ ಮತ್ತೆ ನಿಂತಲ್ಲೇ ಗರಗರ ಸುತ್ತಿತು. ತೆಂಗಿನ ಸಾಲಿಗೆ ಹೊಸದಾಗಿ ಹೊಡೆಸಿದ್ದ ಕೆರೆಗೋಡು ಮಣ್ಣು ಹಿಂದಕ್ಕೆ ಚಿಮ್ಮಿ ಧರ್ಮೇಶನ ಬಿಳಿ ಅಂಗಿಯ ತುಂಬ ಕೂತಿತು.

“ಸಾಕು ನಿಲ್ಸಿ ರಾಜಣ್ಣ! ಮದುವೆಗೆ ಹೋಗೋ ಅಂಗಿ ಇದು. ಹೆಂಡ್ತಿಗೆ ಏನು ಹೇಳ್ಲಿ?”

“ತೆಂಗಿಗೆ ಗೋಡು ಹಾಕ್ತಿದ್ರು, ನನ್ಮೇಲೂ ಬಿತ್ತು ಅನ್ನು. ಒಂದು ಗೇಣು ಬೆಳೀತೀಯ, ಬಿಡು.”

ರಾಜಶೇಖರ ಸ್ಟಿಯರಿಂಗಿನ ಹಿಂದಿನಿಂದ ನಕ್ಕ. ನಗು ಬಾಯಲ್ಲಿತ್ತು, ಕಣ್ಣು ಮಾತ್ರ ಎಡಚಕ್ರವನ್ನು ಬಿಟ್ಟು ಕದಲಲಿಲ್ಲ.

ಬದುವಿನ ಮೇಲೆ ಸೊಸೆ ಸ್ವಾತಿಯೊಡನೆ ಕೂತಿದ್ದ ಶಾಂತಕ್ಕ ಆ ಕಣ್ಣನ್ನೇ ನೋಡುತ್ತಿದ್ದಳು. ಯೋಚನೆ ಹತ್ತಿದಾಗ ಎದೆಯ ಮೇಲಿನ ಲಿಂಗದ ಕರಡಿಗೆಯನ್ನು ಮುಟ್ಟಿಕೊಳ್ಳುವುದು ಅವಳ ಅಭ್ಯಾಸ. ಈಗಲೂ ಕೈ ಅಲ್ಲೇ ಇತ್ತು.

ಸಿದ್ದರಕೊಪ್ಪಲಿನ ತೋಪಿನ ಸಿದ್ದೇಶ್ವರನ ಲಿಂಗಕ್ಕೆ ತೊಡಿಸುವ ಬೆಳ್ಳಿಮುಖ ಹೋದ ಸೋಮವಾರ ಬೀಗ ಮುರಿಯದೆ ಪೆಟ್ಟಿಗೆಯಿಂದ ಕಾಣೆಯಾಗಿತ್ತು. ಬೀಗದ ಕೈ ಇದ್ದದ್ದು ಪೂಜಾರಿ ನಂಜಪ್ಪನವರ ಸೊಂಟದಲ್ಲಿ. ನಾಳೆ ಕಾರ್ತಿಕ ಸೋಮವಾರ. ಅಷ್ಟರೊಳಗೆ ಮುಖ ಸಿಗದಿದ್ದರೆ ಬೀಗದ ಕೈ ಬಿಚ್ಚಿಟ್ಟು ಗುಡಿಯಿಂದ ಇಳಿಯಬೇಕೆಂದು ಸಮಿತಿಯ ಅಧ್ಯಕ್ಷ ಜಯದೇವಪ್ಪ ನಂಜಪ್ಪನವರಿಗೆ ಹೇಳಿಬಿಟ್ಟಿದ್ದರು.

“ತಾಯಿ, ಇದು ನಮ್ಮ ತಾತನ ಸೊಂಟದಿಂದ ಬಂದಿದ್ದು,” ಎಂದು ನಂಜಪ್ಪನವರು ನಿನ್ನೆ ಶಾಂತಕ್ಕನ ಜಗಲಿಯ ಮೇಲೆ ಕೂತು ಹೇಳಿದ್ದರು. “ಇದರ ಭಾರ ಇಲ್ದೆ ನನಗೆ ನಡಿಯೋಕೇ ಬರಾಕಿಲ್ಲ.” ಶಾಂತಕ್ಕ ಅವರ ಕೈಗೆ ಮಜ್ಜಿಗೆಯ ಲೋಟ ಕೊಟ್ಟು, “ಕುಡೀರಿ ಅಯ್ನೋರೆ. ಆ ಬೀಗದ ಕೈ ನಿಮ್ಮ ಸೊಂಟದಲ್ಲೇ ಇರ್ತದೆ,” ಎಂದಿದ್ದಳು. ಆಡಿದ ಮಾತು. ಅದನ್ನು ಉಳಿಸಿಕೊಳ್ಳಲು ಇವತ್ತೊಂದು ದಿನ ಉಳಿದಿತ್ತು.

ಆ ಸೋಮವಾರ ಬೆಳಿಗ್ಗೆ ಗುಡಿಗೆ ಬಿಲ್ವಪತ್ರೆ ತಂದವನು ರಾಜಶೇಖರ. ಅದಕ್ಕೇ ಶಾಂತಕ್ಕ ಅವನ ತೋಟಕ್ಕೆ ಬಂದದ್ದು. ಬಂದಾಗಿನಿಂದ ಅವಳು ಏನನ್ನೂ ಕೇಳಿರಲಿಲ್ಲ. ನೋಡುತ್ತಿದ್ದಳು, ಅಷ್ಟೇ.

ಕಾರ್ತಿಕದ ಬಿಸಿಲು ಗರಿಗಳ ಸಂದಿಯಿಂದ ಇಳಿದು ನೆಲದ ಮೇಲೆ ಚೂರುಚೂರಾಗಿ ಆಡುತ್ತಿತ್ತು. ಎಲ್ಲೋ ಕಾಲುವೆಯಲ್ಲಿ ನೀರು ಹರಿಯುವ ಸದ್ದು. ಇಂಥ ಬೆಳಗಿನಲ್ಲಿ ಕಳ್ಳತನದ ವಿಷಯ ಯೋಚಿಸುವುದೇ ಶಿವನಿಗೆ ಮಾಡಿದ ಅಪಚಾರವೆಂದು ಅವಳಿಗೆ ಅನ್ನಿಸಿತು.

ಧರ್ಮೇಶ ಚಕ್ರದ ಬಳಿ ಕುಕ್ಕರುಗಾಲಲ್ಲಿ ಕೂತ. ಕಣಕಟ್ಟೆಯಲ್ಲಿ ರೈತರಿಗೆ ಯಂತ್ರಗಳನ್ನು ಬಾಡಿಗೆ ಕೊಡುವ ಕೇಂದ್ರಕ್ಕೆ ಅವನು ಮ್ಯಾನೇಜರ್. ಸುತ್ತಲ ತೋಟಗಳ ಸಣ್ಣ ಟ್ರ್ಯಾಕ್ಟರುಗಳಿಗೆಲ್ಲ ವೈದ್ಯನೂ ಅವನೇ.

“ನೋಡಿ ಶಾಂತಕ್ಕ, ಗೋಡು ಹಾಕಿದ ತೋಟದಲ್ಲಿ ಈ ಮರಿ ಟ್ರ್ಯಾಕ್ಟರ್ ಜಾರುತ್ತೆ ಅಂತ ಎರಡು ಟೈರಿಗೂ ನಾನೇ ನೀರು ತುಂಬಿಸ್ದೆ. ಮುಕ್ಕಾಲು ನೀರು, ಕಾಲು ಗಾಳಿ. ಎರಡೂ ಸಮ. ಆಮೇಲೆ ಇವರು ಎರಡು ಚಕ್ರಕ್ಕೂ ಸಿಮೆಂಟಿನ ಬಿಲ್ಲೆ ಎರಕ ಹೊಯ್ದು ಕೂರಿಸಿದ್ರು. ಭಾರ ಜಾಸ್ತಿಯಾದ್ರೆ ಚಕ್ರ ಮಣ್ಣು ಕಚ್ಬೇಕು. ಬಲಗಡೇದು ಕಚ್ತಾ ಇದೆ. ಎಡಗಡೇದು ಯಾಕೆ ಜಾರ್ಬೇಕು?”

“ನನ್ನ ಕೇಳಿದ್ರೆ? ನನಗೆ ದೋಸೆ ಕಾವಲಿ ಜಾರೋದು ಮಾತ್ರ ಗೊತ್ತು.”

ಸ್ವಾತಿ ಕಿಸಕ್ಕನೆ ನಕ್ಕಳು. ಧರ್ಮೇಶ ಬಿಲ್ಲೆಯನ್ನು ಬೆರಳಲ್ಲಿ ಬಡಿದ. ದೊಡ್ಡ ರೊಟ್ಟಿ ಹೆಂಚಿನಷ್ಟು ಅಗಲ, ಗೇಣಿನಷ್ಟು ದಪ್ಪದ ಬೂದುಬಣ್ಣದ ದುಂಡು. ಮೂರು ಬೋಲ್ಟುಗಳಲ್ಲಿ ಚಕ್ರದ ನಡುವಿಗೆ ಬಿಗಿದಿತ್ತು. ಅದರ ಅಂಚಿನಲ್ಲೊಂದು ಕುಂಕುಮದ ಬೊಟ್ಟು.

“ಕೇಂದ್ರದಲ್ಲಿ ಕಬ್ಬಿಣದ ಬಿಲ್ಲೆ ಸುಮ್ನೆ ಬಿದ್ದಿವೆ, ತಗೊಂಡು ಹೋಗಿ ಅಂದೆ. ಊಹೂಂ, ಸಿಮೆಂಟೇ ಆಗ್ಬೇಕಂತೆ. ಈಗ ನೋಡಿ, ಒಂದು ಭಾರ, ಒಂದು ಹಗುರ. ಬಿಚ್ಚಿ ಕೊಡಿ ರಾಜಣ್ಣ, ತೂಗೇ ಬಿಡೋಣ.”

“ಬಿಚ್ಚೋದು ಬ್ಯಾಡ!”

ಮಾತು ಗಟ್ಟಿಯಾಯಿತೆಂದು ರಾಜಶೇಖರನಿಗೇ ಅನ್ನಿಸಿರಬೇಕು. ದನಿ ಇಳಿಸಿದ. “ಈಗ ಬ್ಯಾಡ ಕಣಪ್ಪ. ಕೆಲ್ಸ ನಿಂತೋಯ್ತದೆ. ಕಾರ್ತಿಕ ಕಳೀಲಿ.”

ಅವನು ಟ್ರ್ಯಾಕ್ಟರನ್ನು ಹಲಸಿನ ಮರದ ನೆರಳಿಗೆ ತಂದ. ನಿಲ್ಲಿಸಿದ. ಒಂದಿಷ್ಟು ಮುಂದಕ್ಕೆ ಬಿಟ್ಟ. ಮತ್ತೆ ಹಿಂದಕ್ಕೆ. ಕತ್ತು ಚಾಚಿ ಎಡಚಕ್ರವನ್ನು ನೋಡಿ, ಕೂದಲೆಳೆಯಷ್ಟು ಮುಂದಕ್ಕೆ ಸರಿಸಿ ಆಮೇಲೆ ಎಂಜಿನ್ ಆರಿಸಿದ. ಬಿಲ್ಲೆಯ ಮೇಲಿನ ಕುಂಕುಮ ನೆತ್ತಿಗೆ ಬಂದು ನಿಂತಿತ್ತು.

“ತೊಟ್ಟಿಲು ತೂಗಿದ ಹಾಗೆ ತೂಗ್ತೀರಲ್ಲ ರಾಜಣ್ಣ, ಯಾಕೆ?” ಎಂದಳು ಸ್ವಾತಿ.

“ನೀರು ತುಂಬಿದ ಟೈರು ಕಣಮ್ಮ. ವಾಲ್ವು ಮೇಲಕ್ಕೆ ಇರ್ಬೇಕು.”

ಹಾಗೆಂದವನು ಬಲಗಡೆಯಿಂದ ಇಳಿಯತೊಡಗಿದ. ಬಲಗಡೆ ಬ್ರೇಕಿನ ಪೆಡಲುಗಳು, ನೇಗಿಲೆತ್ತುವ ಸನ್ನೆಗೋಲು, ಎಲ್ಲವೂ ಕಾಲಿಗೆ ಅಡ್ಡ. ಪಂಚೆ ಒಂದಕ್ಕೆ ಸಿಕ್ಕಿಕೊಂಡಿತು. ಬಿಡಿಸಿಕೊಂಡು, ತಡವರಿಸಿ, ಬರಿಗಾಲಲ್ಲಿ ನೆಲಕ್ಕೆ ಬಿದ್ದ. ಚಪ್ಪಲಿ ದೂರದ ಬೇಲಿಯ ಬಳಿ ಜೋಡಿಯಾಗಿ ಕೂತಿದ್ದವು.

“ಎಳನೀರು ಕೆಡವ್ತೀನಿ, ಕೂತಿರಿ,” ಎಂದು ಅವನು ದೋಟಿ ಹುಡುಕುತ್ತ ತೋಟದ ಆ ಕಡೆಗೆ ಹೋದ.

ಧರ್ಮೇಶ ಬೈಕ್ ಹತ್ತುವ ಮುನ್ನ ಶಾಂತಕ್ಕನ ಹತ್ತಿರ ಬಗ್ಗಿ ಹೇಳಿದ: “ನೀರು ತುಂಬೋವಾಗ, ಗಾಳಿ ನೋಡೋವಾಗ ವಾಲ್ವ್ ಮೇಲಿರ್ಬೇಕು ನಿಜ. ನಿಲ್ಲಿಸಿದಾಗ ಎಲ್ಲಿದ್ರೂ ನಡಿಯುತ್ತೆ. ನೀವೇ ನೋಡಿ, ಬಲಚಕ್ರದ ವಾಲ್ವ್ ನೆಲ ನೋಡ್ತಿದೆ. ಎಡಗಡೇದು ಪಕ್ಕಕ್ಕಿದೆ. ಇವರು ಏನು ನೋಡಿ ನಿಲ್ಲಿಸ್ತಾರೋ ನನಗಂತೂ ತಿಳೀಲಿಲ್ಲ.”

ಬೈಕಿನ ಸದ್ದು ದೂರವಾಯಿತು.

ಸ್ವಾತಿ ತಿಂಡಿಯ ಡಬ್ಬಿ ಬಿಚ್ಚಿದಳು. ದಾರಿಯಲ್ಲಿ ಬಿದ್ದಿದ್ದ ಹೊಂಬಾಳೆಯೊಂದನ್ನು ತುಳಿದಾರೆಂದು ಎತ್ತಿ, ಕಣ್ಣಿಗೊತ್ತಿಕೊಂಡು ಮರದ ಬುಡಕ್ಕಿಟ್ಟು ಬಂದ ಹುಡುಗಿ ಅವಳು. ಶಾಂತಕ್ಕನಿಗೆ ಸೊಸೆಯ ಈ ಗುಣ ಕಂಡರೆ ಒಳಗೊಳಗೇ ಹಿಗ್ಗು. ಮಗನಿಗೆ ಅರಸೀಕೆರೆ ರೈಲು ನಿಲ್ದಾಣದಲ್ಲಿ ಪಾಳಿಯ ಕೆಲಸ. ಅತ್ತೆಯ ಊರ ಉಸಾಬರಿಗೆಲ್ಲ ಸ್ವಾತಿಯೇ ಜೊತೆ, ಸ್ವಾತಿಯ ಸ್ಕೂಟರೇ ರಥ.

ರೊಟ್ಟಿಯನ್ನು ಚಟ್ನಿಗೆ ಅದ್ದಿದ ಸ್ವಾತಿ ‘ಸ್ಸ್’ ಎಂದು ಬೆರಳು ಕೊಡವಿದಳು.

“ಏನಾಯ್ತೇ?”

“ಉರಿ ಅತ್ತೆ. ಹೊಸ ಸೋಪಿನ ಪುಡಿ ಬೆರಳ ತುದೀನೆಲ್ಲ ತಿಂದುಹಾಕಿದೆ. ಸಿಪ್ಪೆ ಏಳ್ತಿದೆ.”

“ಮನೆ ತುಂಬ ಕೊಬ್ಬರಿ ಎಣ್ಣೆ. ಹಚ್ಕೊಳ್ಳೋಕೆ ಏನು ರೋಗ ನಿನಗೆ? ತಾ ಇಲ್ಲಿ.” ತಾನೇ ರೊಟ್ಟಿ ಮುರಿದು ಸೊಸೆಯ ಬಾಯಿಗಿಟ್ಟಳು ಶಾಂತಕ್ಕ. ಆಮೇಲೆ ದನಿ ತಗ್ಗಿಸಿದಳು.

“ಸ್ವಾತಿ, ಟ್ರ್ಯಾಕ್ಟರ್ ಹತ್ತಿ ಇಳಿಯೋದು ಯಾವ ಕಡೆಯಿಂದ?”

“ಎಡಗಡೆಯಿಂದ. ಎಲ್ಲರೂ ಹಾಗೇ ಹತ್ತೋದು.”

“ಇವನು ಬಲಗಡೆಯಿಂದ ಬೀಳ್ತಾ ಏಳ್ತಾ ಇಳೀತಾನೆ. ಚಪ್ಪಲಿ ಬೇಲೀಲಿ ಬಿಡ್ತಾನೆ. ನಿಲ್ಸೋವಾಗ ಕುಂಕುಮ ನೆತ್ತಿಗೆ ಬರ್ಬೇಕು ಅಂತಾನೆ. ನೀನು ಬರಿಗಾಲಲ್ಲಿ ಎಲ್ಲಿಗೆ ಹೋಗ್ತೀಯ? ತಲೆಕೆಳಗಾಗಬಾರದು ಅಂತ ಯಾರನ್ನ ಜೋಪಾನ ಮಾಡ್ತೀಯ?”

ಸ್ವಾತಿ ರೊಟ್ಟಿ ನುಂಗುವುದನ್ನು ನಿಲ್ಲಿಸಿದಳು. “ಆ ಬಿಲ್ಲೆಯೊಳಗೆ... ಸಿದ್ದೇಶ್ವರನಾ?”

“ಹಾಗಂತ ನನ್ನ ಅನುಮಾನ. ಬಾಯಿ ಬಿಡಿಸ್ಬೇಕಲ್ಲ. ಅವನು ಬಂದಾಗ ನೀನೊಂದು ಕೆಲ್ಸ ಮಾಡು. ಚಪ್ಪಲಿ ಕಾಲನ್ನ ಆ ಬಿಲ್ಲೆ ಮೇಲಿಡೋ ಹಾಗೆ ಎತ್ತು. ತಾಗಿಸ್ಬೇಡ, ಶಿವ ಶಿವಾ, ಬರೀ ಎತ್ತು. ಕೂಗ್ತಾನೋ ಇಲ್ವೋ ನೋಡೋಣ.”

“ಆಗಲಿ ಅತ್ತೆ,” ಎಂದಳು ಸ್ವಾತಿ.

ರಾಜಶೇಖರ ಮೂರು ಎಳನೀರು ಕೆತ್ತಿಕೊಂಡು ಬಂದ. ಮೊದಲನೆಯದನ್ನು ಶಾಂತಕ್ಕನಿಗೆ ಎರಡೂ ಕೈಯಲ್ಲಿ ಕೊಟ್ಟ. ಎರಡನೆಯದಕ್ಕೆ ಸ್ವಾತಿ ಎದ್ದು ಬಂದಳು. ಬಂದವಳು ಟ್ರ್ಯಾಕ್ಟರಿನ ಪಕ್ಕ ನಿಂತು, “ಅಯ್ಯೋ, ಚಪ್ಪಲಿಗೆಲ್ಲ ಗೋಡು,” ಎನ್ನುತ್ತ ಕಾಲೆತ್ತಿ ಸಿಮೆಂಟಿನ ಬಿಲ್ಲೆಯ ನಟ್ಟನಡುವೆ ಊರಿ, ಒಂದು ಕಡ್ಡಿಯಿಂದ ಕೆಸರು ಕೆರೆಯತೊಡಗಿದಳು.

ಶಾಂತಕ್ಕ ಬೈಯಲು ಬಾಯಿ ತೆರೆದಳು. ಆದರೆ ಅದಕ್ಕಿಂತ ಮೊದಲೇ ಇನ್ನೊಂದು ದನಿ ಎದ್ದಿತ್ತು.

“ಕಾಲು ತೆಗಿಯವ್ವಾ! ತೆಗಿ! ತೆಗಿ!”

ಉಳಿದ ಎಳನೀರು ಅವನ ಕೈಯಿಂದ ಜಾರಿ ಉರುಳಿತು. ರಾಜಶೇಖರ ಓಡಿಬಂದು ಹೆಗಲ ಮೇಲಿನ ಟವೆಲಿನಿಂದ ಬಿಲ್ಲೆಯನ್ನು ಒರೆಸಿದ. ಒರೆಸಿದ ಕೈಯನ್ನೇ ಕಣ್ಣಿಗೊತ್ತಿಕೊಂಡ. ಒತ್ತಿಕೊಂಡ ಮೇಲೆ ಅವನಿಗೆ ಅರಿವಾಯಿತು. ಮೆಲ್ಲಗೆ ತಿರುಗಿ ಶಾಂತಕ್ಕನ ಕಡೆ ನೋಡಿದ.

ಅವಳು ಎಳನೀರನ್ನು ಬದಿಗಿಟ್ಟು ಎದ್ದು ನಿಂತಿದ್ದಳು. ಚಪ್ಪಲಿ ಬಿಟ್ಟು, ಸೆರಗು ಹೊದ್ದು, ಎಡಚಕ್ರದ ಮುಂದೆ ಬಂದು ಕೈಮುಗಿದಳು.

“ಯಾಕಪ್ಪ ರಾಜಶೇಖರ, ಸಿದ್ದೇಶ್ವರನ್ನ ತೋಟ ಸುತ್ತಿಸ್ತಿದ್ದೀಯಲ್ಲ?”

ಅವನು ನೆಲಕ್ಕೆ ಕೂತುಬಿಟ್ಟ. ನಲವತ್ತೈದರ ಗಂಡಸು, ಸಂತೆಯಲ್ಲಿ ದಲ್ಲಾಳಿಗಳನ್ನು ದನಿಯಲ್ಲೇ ಹೆದರಿಸುವವನು, ಮುಖ ಮುಚ್ಚಿಕೊಂಡ.

“ಕರಗಿಸ್ತಾರಂತಲ್ಲ ಅಕ್ಕಾ.”

“ಹೂಂ.”

“ಜಯದೇವಪ್ಪ ಮಾವ ಹೋದ ತಿಂಗಳ ಸಭೇಲಿ ಹೇಳಿದ್ರಲ್ಲ. ಹಳೇ ಮುಖ ಸವೆದೋಗೈತೆ, ಮೂಗು ಚಪ್ಪಟೆ ಆಗೈತೆ, ಕರಗಿಸಿ ಇನ್ನೊಂದಿಷ್ಟು ಬೆಳ್ಳಿ ಸೇರ್ಸಿ ಭಾರಿ ಮುಖ ಮಾಡ್ಸಾನ ಅಂತ. ಎಲ್ಲಾರೂ ಚಪ್ಪಾಳೆ ಹೊಡುದ್ರು. ನಾನೂ ಹೊಡುದೆ. ಮನೆಗೆ ಬಂದು ಉಣ್ಣಾಕೆ ಕೂತ್ರೆ ತುತ್ತು ಇಳೀಲಿಲ್ಲ. ಸವೆದಿದ್ದು ಯಾರಿಂದ ಅಕ್ಕಾ? ನಮ್ಮ ಅಜ್ಜಿ, ಅವರಜ್ಜಿ ಎಲ್ಲಾ ಹುಣಸೆಹಣ್ಣಲ್ಲಿ ಉಜ್ಜಿ ಉಜ್ಜಿ ಸವೆಸಿರೋ ಮೂಗು ಅದು. ಆ ಮೂಗಿಂದಾನೇ ಅವನು ಒಂದು ಕಡೆ ನಗ್ತಾನೆ. ಹೊಸ ಮುಖ ನಗ್ತದಾ?”

ಆ ವಾರೆನಗೆಯನ್ನು ಶಾಂತಕ್ಕನೂ ಮದುವೆಯಾಗಿ ಬಂದ ದಿನದಿಂದ ನೋಡಿದ್ದಳು. ಊರಿನ ಮೇಲೆ ಎಷ್ಟೇ ಕಷ್ಟ ಬರಲಿ, ಆ ಮುಖ ಮಾತ್ರ ಏನೋ ಗುಟ್ಟು ಬಲ್ಲವರ ಹಾಗೆ ಒಂದು ಕೆನ್ನೆಯಲ್ಲಿ ನಗುತ್ತಿತ್ತು.

“ಅಯ್ನೋರು ಮಡಿನೀರಿಗೆ ಬಾವಿಗೆ ಹೋದ್ರು,” ಎಂದು ಅವನೇ ಮುಂದುವರಿಸಿದ. “ಪೆಟ್ಟಿಗೆ ತೆರೆದಿತ್ತು. ಬಿಲ್ವಪತ್ರೆ ಚೀಲಕ್ಕೆ ಹಾಕ್ಕೊಂಡು ಬಂದೆ. ಅವರು ಪೂಜೆ ಗಡಿಬಿಡೀಲಿ ನೋಡ್ದೆ ಬೀಗ ಹಾಕಿದ್ರು. ಮನೇಲಿಟ್ರೆ ನಮ್ಮೋಳಿಗೆ ಸಿಗ್ತದೆ, ತೋಟದಲ್ಲಿ ಹೂತ್ರೆ ನೇಗಿಲಿಗೆ ಸಿಗ್ತದೆ. ಧರ್ಮೇಶ ಟೈರಿಗೆ ಭಾರ ಕಟ್ಟಿ ಅಂದಿದ್ನಲ್ಲ, ಇದೇ ಸರಿ ಅಂದ್ಕೊಂಡೆ. ನನ್ ಜೊತೇಲೇ ಇರ್ತಾನೆ, ತೋಟ ನೋಡ್ಕೊಂಡು ಸುತ್ತುತಾನೆ ಅಂತ ಮುಖ ಹೊರಗಡೆಗೆ ತಿರುಗ್ಸಿ ಎರಕ ಹುಯ್ದೆ.”

“ಸುತ್ತುವಾಗ ತಲೆಕೆಳಗಾಗ್ತಾನೆ ಅಂತ ಹೊಳೀಲಿಲ್ವೇನೋ?”

“ಮೊದಲ್ನೇ ಸಾಲು ಉಳುಮೆ ಮಾಡುವಾಗ ಹೊಳೀತು ಕಣಕ್ಕ!” ಅವನ ಅಳುವಿನೊಳಗಿಂದಲೇ ನಗು ಒಡೆಯಿತು. “ಅವತ್ತಿಂದ ಚಕ್ರ ಒಂದು ಸುತ್ತು ಸುತ್ತಿದ್ರೆ ಒಂದು ತಪ್ಪಾಯ್ತಪ್ಪ ಅಂತೀನಿ. ಒಂದು ಸಾಲಿಗೆ ಬಾಯಿ ಒಣಗೋಗ್ತದೆ.”

ಶಾಂತಕ್ಕನಿಗೆ ನಗು ತಡೆಯಲಾಗಲಿಲ್ಲ. ಕಣ್ಣಲ್ಲಿ ನೀರೂ ಬಂತು. ಇಂಥ ಕಳ್ಳನನ್ನು ಯಾವ ಠಾಣೆಗೆ ಒಪ್ಪಿಸುವುದು? ಅವಳಿಗೆ ಎದೆ ಹಗುರಾಯಿತು. ಮುಖ ಸಿಕ್ಕಿತು, ನಂಜಪ್ಪನವರ ಬೀಗದ ಕೈ ಉಳಿಯಿತು. ಕರಗಿಸುವ ವಿಷಯ ಜಯದೇವಪ್ಪನವರ ಮುಂದೆ ಕೂತು ಆಡಿದರಾಯಿತು.

“ಎದ್ದೇಳು. ಅದಕ್ಕೇ ಈ ಚಕ್ರ ಜಾರ್ತಿರೋದು, ಗೊತ್ತಾಯ್ತಾ? ಬೆಳ್ಳಿಮುಖ ಒಳಗೆ ಟೊಳ್ಳು. ಎಡಬಿಲ್ಲೆ ಹಗುರ ಆಗಿದೆ.”

ರಾಜಶೇಖರ ಕಣ್ಣೊರೆಸಿಕೊಳ್ಳುತ್ತಿದ್ದವನು ತಲೆಯಾಡಿಸಿದ.

“ಇಲ್ಲ ಅಕ್ಕಾ. ಟೊಳ್ಳು ಎಲ್ಲಿಂದ ಬಂತು? ಮುಖದ ಒಳಕ್ಕೂ ಸಿಮೆಂಟು ಜಲ್ಲಿ ಒತ್ತಿ ಒತ್ತಿ ತುಂಬಿದ್ದೆ. ಮೇಲೆ ಬೆಳ್ಳಿ ಭಾರ ಬೇರೆ. ನ್ಯಾಯವಾಗಿ ಎಡಗಡೇದೇ ತೂಕ ಜಾಸ್ತಿ ಇರ್ಬೇಕು. ಜಾರ್ತಿರೋದು ದೇವರ ಸಿಟ್ಟು ಅಂತ ನಾನು...”

ಇಬ್ಬರೂ ಒಂದೇ ಸಲಕ್ಕೆ ಬಿಲ್ಲೆಯ ಕಡೆ ನೋಡಿದರು.

ರಾಜಶೇಖರ ಪಾನಾ ತಂದು ಬೋಲ್ಟು ಬಿಚ್ಚಿದ. ಮೂವರೂ ಕೈಕೊಟ್ಟು ಬಿಲ್ಲೆಯನ್ನು ಗೋಣಿತಾಟಿನ ಮೇಲೆ ಬೋರಲಾಗಿ ಇಳಿಸಿದರು. ಚಕ್ರದ ಕಡೆಗಿದ್ದ ಬೆನ್ನು ಈಗ ಬಿಸಿಲಿಗೆ ತೆರೆದುಕೊಂಡಿತು. ಅದರ ನಡುವೆ ತಟ್ಟೆಯಷ್ಟು ಅಗಲಕ್ಕೆ ಸಿಮೆಂಟಿನ ಬಣ್ಣ ಬೇರೆಯಾಗಿತ್ತು. ಸುತ್ತಲೂ ಕೂದಲೆಳೆಯಂಥ ಬಿರುಕು.

“ಇದು ನಾನು ಮೆತ್ತಿದ್ದಲ್ಲ,” ಎಂದ ರಾಜಶೇಖರ.

“ಎರಕ ಹೊಯ್ದು ಎಲ್ಲಿಟ್ಟಿದ್ದೆ?”

“ಇಲ್ಲೇ, ಪಂಪಿನ ಮನೇಲಿ. ಬಾಂಡ್ಲೀಲಿ ಹುಯ್ದು, ಒದ್ದೆ ಗೋಣಿ ಮುಚ್ಚಿ, ಸಂಜೆ ಗುಡಿ ಸಭೆಗೆ ಹೋದೆ. ಮುಖ ಕಳುವಾಗೈತೆ ಅಂತ ಕರೆದಿದ್ರಲ್ಲ, ಆ ಸಭೆ. ಬೆಳಿಗ್ಗೆ ಬಂದು ನೋಡ್ದಾಗ ಗೋಣಿ ಮುಚ್ಚಿದಂಗೇ ಇತ್ತು. ಬಾಗ್ಲಿಗೆ ಬೀಗ ಇಲ್ಲ ಅಕ್ಕಾ. ಪಂಪಿನ ಮನೇಲಿ ಏನೈತೆ ಅಂತ ಹಾಕ್ಲಿ?”

ಶಾಂತಕ್ಕ ಸೊಂಟದ ಸಂಚಿಯಿಂದ ವಿಭೂತಿ ತೆಗೆದು ಬಿಲ್ಲೆಗೆ ಮೂರು ಬೆರಳಲ್ಲಿ ಎಳೆದಳು. “ಸಿದ್ದೇಶಾ, ಏಟು ನಿನಗಲ್ಲಪ್ಪ, ಸಿಮೆಂಟಿಗೆ,” ಎಂದು ಪಕ್ಕಕ್ಕೆ ಸರಿದಳು.

ಸುತ್ತಿಗೆ ಬಿತ್ತು. ಎರಡನೇ ಏಟಿಗೆ ಆ ತಟ್ಟೆಯಷ್ಟಗಲದ ಮುಚ್ಚಳ ಒಡೆದು ಒಳಕ್ಕೆ ಕುಸಿಯಿತು. ರಾಜಶೇಖರ ಚೂರುಗಳನ್ನು ಬಾಚಿ ತೆಗೆದು, ಒಳಕ್ಕೆ ಕೈಯಿಟ್ಟು ಎಳೆದ. ಕೈಗೆ ಬಂದದ್ದು ತೆಂಗಿನ ನಾರು. ಒತ್ತಿ ಒತ್ತಿ ತುಂಬಿದ ನಾರಿನ ದೊಡ್ಡ ಉಂಡೆ.

ನಾರು ಹೊರಬಂದ ಮೇಲೆ ಗುಳಿಯೊಳಗೆ ಬಿಸಿಲು ಇಳಿಯಿತು. ಅಲ್ಲಿ ಸಿದ್ದೇಶ್ವರನಿದ್ದ. ಬೆಳ್ಳಿಯಲ್ಲಲ್ಲ; ಅಚ್ಚಿನಲ್ಲಿ. ಹಣೆಯ ಮೂರು ಗೆರೆ, ಮುಚ್ಚಿದಂತಿದ್ದ ಕಣ್ಣು, ಸವೆದ ಮೂಗು, ಎಲ್ಲವೂ ಸಿಮೆಂಟಿನಲ್ಲಿ ಒಳಮುಖವಾಗಿ ಇಳಿದಿದ್ದವು. ಅಚ್ಚಿನಲ್ಲಿ ನಗು ಇನ್ನೊಂದು ಕೆನ್ನೆಗೆ ಹೋಗಿತ್ತು.

“ಅಯ್ಯೋ ನನ್ನಪ್ಪಾ! ಖಾಲಿ ಬಿಲ್ಲೆಗೆ ಇಷ್ಟು ದಿನ ತಪ್ಪಾಯ್ತು ತಪ್ಪಾಯ್ತು ಅಂದ್ನಾ?” ರಾಜಶೇಖರ ಎರಡೂ ಕೈ ಚಾಚಿದ. “ನೋಡಕ್ಕಾ, ದೇವರ ಕೆಲ್ಸಕ್ಕೆ ಕರಣೆ ಯಾಕೆ ಅಂತ ಬರಿಗೈಲಿ ಕಲಸಿ ತುಂಬಿದ್ದೆ. ಹಸೀ ಸಿಮೆಂಟು ಬೆರಳ ತುದಿ ಎಲ್ಲಾ ತಿಂದ್ಬಿಟ್ಟೈತೆ. ಇನ್ನೂ ಖಾರ ಮುಟ್ಟಾಕೆ ಆಗಾಕಿಲ್ಲ.”

ಶಾಂತಕ್ಕ ಆ ಬೆರಳುಗಳನ್ನು ನೋಡಿದಳು. ತುದಿಗಳು ಬಿಳುಚಿ, ಸಿಪ್ಪೆ ಸುಲಿದು, ಒಳಗಿನ ಕೆಂಪು ಇಣುಕುತ್ತಿತ್ತು.

ಆ ಬೆರಳುಗಳನ್ನು ಅವಳು ಇವತ್ತು ಆಗಲೇ ಒಮ್ಮೆ ನೋಡಿದ್ದಳು.

ತೋಟದ ಸದ್ದೆಲ್ಲ ಅವಳ ಕಿವಿಯಿಂದ ದೂರ ಸರಿಯಿತು. ಬರೀ ಎತ್ತು, ತಾಗಿಸಬೇಡ ಎಂದು ತಾನು ಹೇಳಿದ್ದು. ಬಿದ್ದ ಹೊಂಬಾಳೆಯನ್ನೂ ತುಳಿಯದ ಹುಡುಗಿ, ಚಪ್ಪಲಿ ಕಾಲನ್ನು ಬಿಲ್ಲೆಯ ನಡುವಿಗೇ ಊರಿದ್ದು. ಒಳಗೆ ದೇವರಿದ್ದಾನೆಂದು ನಂಬಿದವಳು ಹಾಗೆ ಊರುವಳೇ? ಒಳಗೆ ನಾರಿದೆಯೆಂದು ಬಲ್ಲವಳು ಊರಬಹುದು.

ಶಾಂತಕ್ಕ ಹಿಂದಕ್ಕೆ ತಿರುಗಿದಳು. ಸ್ವಾತಿ ಹಲಸಿನ ಮರಕ್ಕೆ ಒರಗಿ ನಿಂತಿದ್ದಳು. ಅವಳ ಬಲಗೈ ಸೆರಗಿನೊಳಗಿತ್ತು. ಮುಖದಲ್ಲಿ ಹೆದರಿಕೆಯಿರಲಿಲ್ಲ, ಹೇಳಲು ಕಾದು ಕಾದು ದಣಿದವರ ಸಮಾಧಾನವಿತ್ತು.

ದೂರದ ತೋಪಿನಲ್ಲಿ ಗಂಟೆ ಬಾರಿಸಿತು. ನಂಜಪ್ಪನವರ ಮಧ್ಯಾಹ್ನದ ಪೂಜೆ. ಮುಖವಿಲ್ಲದ ಲಿಂಗಕ್ಕೆ, ಬಹುಶಃ ಅವರ ಕೈಯಿಂದ ಕೊನೆಯದು.

“ಸ್ವಾತಿ,” ಎಂದಳು ಶಾಂತಕ್ಕ. “ಎಲ್ಲಿಟ್ಟಿದ್ದೀಯೇ?”

ಸ್ವಾತಿ ಸೆರಗಿನಿಂದ ಕೈ ಹೊರತೆಗೆದಳು.

“ಹೇಳ್ತೀನಿ ಅತ್ತೆ. ಆದ್ರೆ ಅದಕ್ಕೆ ಮುಂಚೆ ನೀವೊಂದು ಹೇಳಿ. ಅಯ್ನೋರ ಬೀಗದ ಕೈ ಉಳೀಬೇಕಾ, ಸಿದ್ದೇಶ್ವರನ ನಗು ಉಳೀಬೇಕಾ? ಎರಡೂ ಬೇಕು ಅಂತ ಮಾತ್ರ ಅನ್ಬೇಡಿ; ಮುಖ ಸಿಕ್ರೆ ಕರಗಿಸ್ತಾರೆ, ಸಿಗ್ದಿದ್ರೆ ಅಯ್ನೋರು ಇಳೀಬೇಕು. ರಾಜಣ್ಣ ಮುಖ ಇಲ್ಲಿಗೆ ತಂದಿದ್ದನ್ನ ಕಂಡು, ಆ ಸಂಜೆ ಪಂಪಿನ ಮನೆಗೆ ನನ್ನ ಕಳಿಸಿದ್ದೇ ಅಯ್ನೋರು.”